ಕೊಡವದೆ ಬಿಟ್ಟ ಕುರ್ಚಿ

ನಮ್ಮೂರಿನಲ್ಲಿ ಮನೆಗೆ ಬಂದವರಿಗೆ ಮೊದಲು ನೀರು ಕೊಡುವುದಿಲ್ಲ, ಒಂದು ಚೌಕದ ಬಟ್ಟೆ ಕೊಡುತ್ತೇವೆ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮಾತಾಡಿ, ಎದ್ದಾಗ ಕೂತ ಜಾಗವನ್ನು ಅದರಿಂದ ಮೂರು ಸಲ ಬಡಿದು, ಕೊಡವಿ ಹೋಗಬೇಕು. ಕೊಡವದೆ ಎದ್ದರೆ ನಮ್ಮೊಳಗೆ ಇದ್ದದ್ದು ಕುರ್ಚಿಯಲ್ಲೇ ಉಳಿದು ಮುಂದೆ ಕೂತವರಿಗೆ ತಾಗುತ್ತದೆ. ಮರವಾದರೆ ಒಂದೆರಡು ದಿನ ಹಿಡಿದಿಟ್ಟುಕೊಳ್ಳುತ್ತದೆ, ಬೆತ್ತವಾದರೆ ವರ್ಷಗಟ್ಟಲೆ. ಕಲ್ಲಿಗೆ, ಚಾಪೆಗೆ, ಪ್ಲಾಸ್ಟಿಕ್ಕಿಗೆ ಆ ಗುಣವಿಲ್ಲ. ಹಾಗಾಗಿ ಆಸ್ಪತ್ರೆಯ ಬೆಂಚುಗಳೆಲ್ಲ ಕಲ್ಲಿನವು. ಹೆಣ್ಣು ನೋಡುವ ಶಾಸ್ತ್ರವೆಲ್ಲ ಚಾಪೆಯ ಮೇಲೆ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ಟು ಕೇಳುವುದಕ್ಕಿಂತ ಹೆಚ್ಚು ಸಲ "ಕೊಡವಿ ಇಳೀರಿ, ಕೊಡವಿ ಇಳೀರಿ" ಎಂದು ಕೂಗುತ್ತಾನೆ. ಪರೀಕ್ಷೆಯ ಫಲಿತಾಂಶ ಬಂದ ದಿನ ಸೀಟು ಖಾಲಿಯಿದ್ದರೂ ಜನ ನಿಂತೇ ಪ್ರಯಾಣ ಮಾಡುತ್ತಾರೆ. ತಾನು ಬಿಟ್ಟದ್ದು ಮಾತ್ರ ತನಗೆ ತಾಗುವುದಿಲ್ಲ, ತನ್ನ ಮನೆಯ ವಾಸನೆ ತನಗೆ ತಿಳಿಯುವುದಿಲ್ಲವಲ್ಲ, ಹಾಗೆ. ಇದು ಊರಿನ ಮೂರು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು.

ನಾನು ವಾರಿಜಾ. ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಚೀಟಿಯನ್ನು ಮೂರು ಸಲ ಓದಿ, ಮಾತ್ರೆಯ ಹೆಸರನ್ನು ಎರಡು ಸಲ ನೋಡಿ ಕೊಡುತ್ತೇನೆ. ಕೊಟ್ಟ ಮೇಲೆ, ಆ ಮನುಷ್ಯ ಗೇಟು ದಾಟುವವರೆಗೂ ಅವನ ಬೆನ್ನನ್ನೇ ನೋಡುತ್ತಿರುತ್ತೇನೆ. ಒಬ್ಬರದನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟೆನೇ ಅಂತ. ಇದುವರೆಗೆ ಹಾಗೆ ಆಗಿಲ್ಲ. ಆಗಿಲ್ಲ ಎಂಬುದರಿಂದ ನನಗೆ ಸಮಾಧಾನವೇನೂ ಸಿಕ್ಕಿಲ್ಲ. "ನೀನು ಎಳೆದು ಎಳೆದು ನೋಡಿಯೇ ಬೀಗ ಸವೆದದ್ದು" ಎಂದು ನನ್ನ ಗಂಡ ವರ್ಷಕ್ಕೊಂದು ಹೊಸ ಬೀಗ ತರುತ್ತಾನೆ.

ಪ್ರತಿ ಮಂಗಳವಾರ ಒಬ್ಬ ಹೆಂಗಸು ನಿದ್ದೆಯ ಮಾತ್ರೆಗೆ ಬರುತ್ತಿದ್ದಳು. ನಾನು ಮಾತ್ರೆ ಕತ್ತರಿಸುವಷ್ಟು ಹೊತ್ತಿನಲ್ಲಿ ಮಗಳ ಬಗ್ಗೆ ಮೂರು ವಾಕ್ಯ ಹೇಳುತ್ತಿದ್ದಳು. ಮೂರೇ. ನಾನು "ಊಟ ಆದ ಮೇಲೆ ತಗೊಳ್ಳಿ" ಅನ್ನುತ್ತಿದ್ದೆ. ಒಂದು ಮಂಗಳವಾರ ಅವಳು ನಾಲ್ಕನೆಯ ವಾಕ್ಯ ಶುರು ಮಾಡಿದಳು. ಹಿಂದೆ ಸಾಲು ದೊಡ್ಡದಿತ್ತು, ನಾನು ಮುಂದಿನ ಚೀಟಿಗೆ ಕೈ ಚಾಚಿಬಿಟ್ಟೆ. ಆಮೇಲೆ ಅವಳು ಬರಲಿಲ್ಲ. ಏನಾಯಿತೋ ತಿಳಿಯದು, ಬೇರೆ ಊರಿಗೆ ಹೋಗಿರಲೂಬಹುದು. ಅದೇ ತಿಂಗಳು ಆಸ್ಪತ್ರೆಯ ನೋಟೀಸು ಬೋರ್ಡಿನಲ್ಲಿ, ಉದ್ಯೋಗದಲ್ಲಿರುವ ಪದವೀಧರರಿಗೆ ಮನೋವಿಶ್ಲೇಷಣೆಯ ಚಿಕಿತ್ಸೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ತರಬೇತಿ, ಸಂಜೆ ಮತ್ತು ಶನಿವಾರ ತರಗತಿಗಳು ಎಂಬ ಕಾಗದ ಕಂಡಿತು. ಊರಿನವರು ಅದನ್ನು ಸುಮ್ಮನೆ "ಕೇಳೋ ಕ್ಲಾಸು" ಅನ್ನುತ್ತಿದ್ದರು. ಮೂವತ್ತೆಂಟನೆಯ ವಯಸ್ಸಿನಲ್ಲಿ ಹೋಗಿ ಸೇರಿದೆ.

ಕೆಲಸ ಮುಗಿಸಿ ಬಂದು ಗ್ರಂಥಾಲಯದ ಮಹಡಿಯಲ್ಲಿ ಚಾಪೆಯ ಮೇಲೆ ಕೂರುತ್ತಿದ್ದವರು ನಾವು ಆರು ಜನ. ಸಬ್ ಇನ್ಸ್‌ಪೆಕ್ಟರ್ ದ್ಯಾಮಣ್ಣ ಯೂನಿಫಾರಂನಲ್ಲೇ ಬಂದು, ಟೋಪಿಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಕಲಿಸುವವರು ಕುಸುಮಾಬಾಯಿ. ಎಪ್ಪತ್ತರ ಹತ್ತಿರದ ಸಣ್ಣ ಜೀವ, ಸಕ್ಕರೆ ಕಾಯಿಲೆ, ಕೈಚೀಲದಲ್ಲಿ ಸದಾ ಮಂಡಕ್ಕಿ. ಮೊದಲ ದಿನ ಅವರು ಹೇಳಿದ್ದು ಇಷ್ಟು: "ಊರೆಲ್ಲ ಕೊಡವೋದನ್ನ ಕಲಿತುಬಿಟ್ಟಿದೆ. ನೀವು ಎರಡು ವರ್ಷ ಕೊಡವದೇ ಕೂರೋದನ್ನ ಕಲೀಬೇಕು."

"ಮೇಡಂ, ನಮ್ಮ ಸ್ಟೇಷನ್ನಿನ ಕುರ್ಚೀಲಿ ಕೊಡವದೆ ಕೂತ್ರೆ ನಾನೇ ತಪ್ಪೊಪ್ಪಿಕೊಂಡುಬಿಡ್ತೀನಿ" ಎಂದರು ದ್ಯಾಮಣ್ಣ.

"ಒಪ್ಪಿಕೊಳ್ಳೋಕೆ ಏನೂ ಇಲ್ಲದೇ ಇದ್ರೆ ನೀವು ಇಲ್ಲಿಗೆ ಬರ್ತಿರಲಿಲ್ಲ, ಬಿಡಿ" ಎಂದರು ಕುಸುಮಾಬಾಯಿ, ಮಂಡಕ್ಕಿಯ ಪೊಟ್ಟಣವನ್ನು ಅವರ ಕಡೆ ಚಾಚುತ್ತ.

ನಾನು ಮನುಷ್ಯರನ್ನು ಗಮನಿಸುವವಳು, ಬೇಗ ಮೆಚ್ಚುವವಳಲ್ಲ. ಆದರೆ ಕುಸುಮಾಬಾಯಿಯನ್ನು ನೋಡಿ ನೋಡಿ ಮೆಚ್ಚಿದೆ. ಅವರು ಯಾರ ವಾಕ್ಯವನ್ನೂ ತಾವು ಮುಗಿಸುತ್ತಿರಲಿಲ್ಲ. ಯಾರಾದರೂ ಅತ್ತರೆ ಕೈ ಹಿಡಿಯುತ್ತಿರಲಿಲ್ಲ, ಗಡಿಯಾರವನ್ನೂ ನೋಡುತ್ತಿರಲಿಲ್ಲ. ಅಳು ಮುಗಿಯುವವರೆಗೆ ಅಲ್ಲೇ ಇರುತ್ತಿದ್ದರು, ಅಷ್ಟೇ. ಅಷ್ಟು ಮಾಡುವುದು ಎಷ್ಟು ಕಷ್ಟ ಅಂತ ಆಮೇಲೆ ತಿಳಿಯಿತು. ಮನೆಯಲ್ಲಿ ನಾನೂ ಪ್ರಯತ್ನಿಸಿದೆ. "ಯಾಕೆ ಹೀಗೆ ನೋಡ್ತಿದ್ದೀಯ, ನಾನು ಏನು ಮಾಡಿದೆ?" ಎಂದು ಗಂಡ ಎದ್ದು ಹೋದ.

ತರಬೇತಿಯ ನಿಯಮಗಳು ಕೆಲವೇ, ಆದರೆ ಬಿಗಿ. ನಾವೂ ವಾರಕ್ಕೊಮ್ಮೆ ಇನ್ನೊಬ್ಬರ ಎದುರು ಕೂತು ನಮ್ಮದನ್ನು ಹೇಳಿಕೊಳ್ಳಬೇಕು. ಎರಡನೆಯ ವರ್ಷದಲ್ಲಿ ನಮ್ಮ ಬಳಿ ಬರುವ ಒಬ್ಬರನ್ನು ನಲವತ್ತು ವಾರ, ಒಂದೇ ದಿನ, ಒಂದೇ ಹೊತ್ತಿಗೆ, ಐವತ್ತು ನಿಮಿಷ ಕೇಳಬೇಕು. ಬಂದವರಿಗೆ ನಾವು ಕೇಳಿಕೊಳ್ಳುವುದು ಒಂದೇ: ಏಳುವಾಗ ಕುರ್ಚಿ ಕೊಡವಬೇಡಿ. ನಮ್ಮೂರಿನವರಿಗೆ ಅದು ಉಂಡ ತಟ್ಟೆಯನ್ನು ಇನ್ನೊಬ್ಬರ ಮುಂದೆ ಹಾಗೇ ಬಿಟ್ಟು ಎದ್ದಷ್ಟು ನಾಚಿಕೆ. ಅವರು ಹೋದ ಮೇಲೆ ನಾವು ಆ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು, ತಾಗಿದ್ದನ್ನು ಬರೆದು, ವಾರದ ಕೊನೆಗೆ ಕುಸುಮಾಬಾಯಿಯ ಮುಂದೆ, ಅಲ್ಲೂ ಬೆತ್ತದ ಕುರ್ಚಿಯಲ್ಲಿ ಕೂತು ಓದಿ, ಕೊಡವದೆ ಏಳಬೇಕು. ಬರಬೇಕಾದವರು ಬಾರದಿದ್ದರೂ ಐವತ್ತು ನಿಮಿಷ ಕಾದು ಕೂತಿರಬೇಕು. ಮೂರು ವಾರ ಒಂದೇ ಸಮನೆ ಬಾರದಿದ್ದರೆ ಬಿಟ್ಟುಹೋದ ಹಾಗೆ. ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರೊಂದಿಗೆ ಮೊದಲಿನಿಂದ ಶುರು. ಅವರೂ ಹೋದರೆ ತರಬೇತಿ ಮುಗಿಯಿತು, ಮನೆಗೆ.

ನನ್ನಲ್ಲಿಗೆ ಮೊದಲು ಬಂದ ಹುಡುಗಿ ಆರನೆಯ ವಾರಕ್ಕೆ ಬಿಟ್ಟಳು. ನಮಗೆ ಕೊಟ್ಟಿದ್ದ ಕೋಣೆ ಹಗಲು ಹೊತ್ತು ಹಲ್ಲಿನ ಡಾಕ್ಟರರ ಕ್ಲಿನಿಕ್ಕು, ಸಂಜೆ ಐದರ ಮೇಲೆ ನಮ್ಮದು. ಬೆತ್ತದ ಕುರ್ಚಿಯನ್ನು ಕುಸುಮಾಬಾಯಿಯೇ ತಂದಿಟ್ಟಿದ್ದರು. ಎಷ್ಟು ಬೇಡವೆಂದರೂ ಹಲ್ಲಿನ ರೋಗಿಗಳು ಅದರಲ್ಲಿ ಕೂತು ಕಾಯುತ್ತಿದ್ದರು. "ಇಲ್ಲಿಗೆ ಬಂದ್ರೆ ಯಾರೋ ಬಾಯಿಗೆ ಕೈ ಹಾಕ್ತಾರೇನೋ ಅನ್ಸತ್ತೆ ಮೇಡಂ" ಎಂದು ಹೋದವಳು ತಿರುಗಿ ಬರಲಿಲ್ಲ. ತಪ್ಪು ಕುರ್ಚಿಯದು ಎಂದು ತೀರ್ಮಾನಿಸಿದೆ. ಇನ್ನೊಂದೇ ಅವಕಾಶ ಉಳಿದಿತ್ತು.

ಎರಡನೆಯದಾಗಿ ಬಂದವರನ್ನು ಇಲ್ಲಿ ಗೂಳಪ್ಪ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ, ಓದಿ ತೋರಿಸಿಯೂ ಇದ್ದೇನೆ. ಬೆತ್ತದ ಕುರ್ಚಿ ಹೆಣೆಯುವವರು, ಐವತ್ತರ ಆಸುಪಾಸು. ಎರಡೂ ಪಾದ ಕುಂಬಳಕಾಯಿಯಂತೆ ಊದಿ ಆಸ್ಪತ್ರೆಗೆ ಬಂದಿದ್ದರು. ಕಾಲಿನಲ್ಲಿ ರೋಗವೇನೂ ಇಲ್ಲ ಎಂದು ಡಾಕ್ಟರು ಅವರನ್ನು ನಮ್ಮಲ್ಲಿಗೆ ಕಳಿಸಿದರು.

"ಕುಂದ್ರಬೇಕೇನ್ರಿ ಅಕ್ಕೋರೆ?" ಇದು ಅವರ ಮೊದಲ ಮಾತು.

"ನಿಮ್ಮಿಷ್ಟ" ಎಂದೆ.

"ನಾಕು ವರ್ಷ ಆತ್ರಿ, ನಾ ಎಲ್ಲೂ ಕುಂತಿಲ್ಲ." ನಿಂತೇ ಉಣ್ಣುತ್ತಿದ್ದರು. ಕುರ್ಚಿಯನ್ನು ಎತ್ತರದ ಹಲಗೆಯ ಮೇಲಿಟ್ಟು ನಿಂತೇ ಹೆಣೆಯುತ್ತಿದ್ದರು. ಚಾಪೆಯ ಮೇಲೆ ಮಲಗಿದರೆ ಸೈ, ಕೂರುವುದಾಗದು. ಯಾಕೆ ಎಂದು ಕೇಳಿದರೆ, "ಕುಂತ್ರ ಏಳಬೇಕಲ್ರಿ" ಎಂದರು. ಆ ದಿನವೆಲ್ಲ ಕುರ್ಚಿಯ ಹಿಂದೆ, ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಎರಡನೆಯ ವಾರ ಒಳಗೆ ಬಂದವರೇ, ನೆಲದ ಮೇಲೆ ಬಿದ್ದಿದ್ದ ಏನನ್ನೋ ಎತ್ತಲು ಬಗ್ಗಿದವರ ಹಾಗೆ, ನಿಧಾನವಾಗಿ ಕೂತುಬಿಟ್ಟರು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು. ಅಂಥ ಹೊತ್ತಿನಲ್ಲಿ ಮುಖ ಅಲ್ಲಾಡದಂತೆ ಇಟ್ಟುಕೊಳ್ಳುವುದನ್ನು ಅಷ್ಟರಲ್ಲಿ ಕಲಿತಿದ್ದೆ.

ಗೂಳಪ್ಪ ಬರುತ್ತಿದ್ದದ್ದು ಗುರುವಾರ ಸಂಜೆ ಆರಕ್ಕೆ. ನಾನು ಐದೂವರೆಗೇ ಹೋಗಿ, ಹಲ್ಲಿನ ರೋಗಿಗಳದ್ದು ಏನೂ ಉಳಿಯದಂತೆ ಕುರ್ಚಿಯನ್ನು ಕೊಡವುತ್ತಿದ್ದೆ. ಕೊಡವಿದ್ದು ಸಾಕಾಯಿತೇ ಎಂದು ತಿಳಿಯಲು ಕೂತು ನೋಡುತ್ತಿದ್ದೆ. ಎಲ್ಲೋ ದವಡೆಯ ನೋವಿನ ಒಂದು ಎಳೆ ತಾಗಿದ ಹಾಗೆ ಅನ್ನಿಸುತ್ತಿತ್ತು, ಎದ್ದು ಮತ್ತೆ ಕೊಡವುತ್ತಿದ್ದೆ. ಮತ್ತೆ ಕೂರುತ್ತಿದ್ದೆ. ಐದಾರು ಸಲವಾದ ಮೇಲೆ ಏನೂ ತಾಗದಿದ್ದಾಗ, ಕುರ್ಚಿ ಖಾಲಿ ಎಂಬ ನೆಮ್ಮದಿಯಲ್ಲಿ ಎದ್ದು ನನ್ನ ಜಾಗಕ್ಕೆ ಹೋಗುತ್ತಿದ್ದೆ. ಖಾಲಿ ಇರುವುದನ್ನು ಮತ್ತೆ ಕೊಡವುವುದೇಕೆ?

ಗೂಳಪ್ಪ ಮಾತಾಡತೊಡಗಿದರು. ಆದರೆ ಅವರು ಆಡುತ್ತಿದ್ದ ಮಾತು ವಿಚಿತ್ರವಾಗಿತ್ತು. "ಬಾಗಲಾ ಹಾಕಿ ಬಂದೀನೋ ಇಲ್ಲೋ ಅನ್ನಸ್ತೈತ್ರಿ. ನನ್ನ ಅಂಗಡಿಗೆ ಬಾಗಲಾನ ಇಲ್ಲ, ಬಿದರ ತಟ್ಟಿ ಐತಿ" ಅನ್ನುವರು. ಇನ್ನೊಂದು ವಾರ, "ಒಬ್ಬರಿಗೆ ಕೊಡೋದನ್ನ ಇನ್ನೊಬ್ಬರಿಗೆ ಕೊಟ್ಟೀನೇನೋ, ಅವರು ಅದನ್ನ ನುಂಗಿಬಿಟ್ಟಾರೇನೋ ಅಂತ ಎದಿ ಹೊಡಕೊಳ್ತೈತ್ರಿ ಅಕ್ಕೋರೆ. ಕುರ್ಚೀನ ಯಾರು ನುಂಗ್ತಾರ ಹೇಳ್ರಿ!" ನಾನು ಅದನ್ನೆಲ್ಲ ಜೋಪಾನವಾಗಿ ಬರೆದುಕೊಂಡೆ. ಅಣ್ಣ ಇದ್ದ, ಅವನೇ ಸಾಕಿದ್ದು, ತೀರಿಕೊಂಡ ಎಂದಷ್ಟು ಒಮ್ಮೆ ಹೇಳಿದ್ದರು. ನಾನು ಎಲ್ಲವನ್ನೂ ಆ ಅಣ್ಣನಿಗೆ ಜೋಡಿಸಿದೆ. ಬಾಗಿಲೆಂದರೆ ಅಣ್ಣ, ನುಂಗುವುದೆಂದರೆ ಅಣ್ಣ. ಓದಿದ ಪುಸ್ತಕಗಳೆಲ್ಲ ಉಪಯೋಗಕ್ಕೆ ಬಂದವು. ಅವರು ಹೋದ ಮೇಲೆ ಕುರ್ಚಿಯಲ್ಲಿ ಕೂತರೆ ಮಾತ್ರ ಏನೂ ತಾಗುತ್ತಿರಲಿಲ್ಲ. ತುಸು ಬೆಚ್ಚಗೆ, ಜಾರಿ ಬೀಳದ ಹಾಗೆ ಯಾರೋ ಬೆನ್ನಿನ ಹಿಂದೆ ಕೈ ಹಿಡಿದಂತೆ, ಅಷ್ಟೇ. "ಕುರ್ಚಿ ಹೆಚ್ಚು ಕಡಿಮೆ ಖಾಲಿ" ಎಂದು ವಾರ ವಾರವೂ ಬರೆದು, ಊರಿನ ಅಭ್ಯಾಸದಂತೆ ಕೊಡವಿ ಏಳುತ್ತಿದ್ದೆ.

ಕುಸುಮಾಬಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು ಶನಿವಾರ ಕಣ್ಣು ತೆರೆದು, "ಈ ಮನುಷ್ಯ ಬೆತ್ತ ಹೆಣೆಯೋನು ಅಂದ್ಯಲ್ಲ?" ಎಂದರು.

"ಹೌದು ಮೇಡಂ."

"ನುಂಗೋ ಭಯ ಅವನಿಗೆ ಎಲ್ಲಿಂದ ಬಂತು?"

ನಾನು ಎರಡು ಪುಟ ಓದಿ ಹೇಳಿದೆ. ಅವರು ಮಂಡಕ್ಕಿ ತಿಂದರು. "ಚೆನ್ನಾಗಿ ಬರೆದಿದ್ದೀಯ. ಅವನನ್ನ ಇನ್ನೊಂದು ಸ್ವಲ್ಪ ನೋಡು" ಎಂದರು. ನಾನು ಮನೆಗೆ ಹೋಗಿ ಇನ್ನೂ ಮೂರು ಪುಟ ಬರೆದೆ.

ಇಪ್ಪತ್ತಮೂರನೆಯ ವಾರ ಆಸ್ಪತ್ರೆಗೆ ತಪಾಸಣೆಯವರು ಬಂದರು. ಒಂದೊಂದು ಕಪಾಟು ತೆಗೆಸಿ ನೋಡಿ ಹೊರಡುವಷ್ಟರಲ್ಲಿ ಐದೂ ಮುಕ್ಕಾಲು. ಓಡುತ್ತ ಬಂದರೆ ಗೂಳಪ್ಪ ಆಗಲೇ ಬಾಗಿಲಲ್ಲಿ ನಿಂತಿದ್ದಾರೆ, ಗಡಿಯಾರದಲ್ಲಿ ಆರು. ಕುರ್ಚಿ ಕೊಡವಿಲ್ಲ, ಕೂತು ನೋಡಿಲ್ಲ. ಅವರೆದುರಿಗೆ ಕೊಡವುವುದು ಹೇಗೆ? ಇವತ್ತಿಗೆ ಎಲ್ಲ ಮುಗಿಯಿತು ಅಂದುಕೊಂಡೇ ನನ್ನ ಜಾಗದಲ್ಲಿ ಕೂತೆ.

ಗೂಳಪ್ಪ ಕೂತರು. ಕೆನ್ನೆ ಸವರಿಕೊಂಡರು. "ಯಾರದೋ ದವಡಿ" ಎಂದು ನಕ್ಕರು. ಆಮೇಲೆ ಕುರ್ಚಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, ನನ್ನ ಕಡೆ ಬಗ್ಗಿ, ಮೈ ಹುಷಾರಿಲ್ಲದವರನ್ನು ಕೇಳುವ ದನಿಯಲ್ಲಿ ಕೇಳಿದರು: "ಇವತ್ತ ಕುರ್ಚಿ ಖಾಲಿ ಐತಲ್ರಿ ಅಕ್ಕೋರೆ. ಏನಾರ ಆತೇನ್ರಿ ನಿಮಗ?"

ಏನು ಕೇಳುತ್ತಿದ್ದಾರೆ ಎಂದು ಮೊದಲು ಹೊಳೆಯಲಿಲ್ಲ. ಆಮೇಲೆ ಒಂದೊಂದೇ ಹೊಳೆಯಿತು. ಬಾಗಿಲು. ನುಂಗುವುದು. ಒಬ್ಬರದು ಇನ್ನೊಬ್ಬರಿಗೆ. ನನ್ನ ಕಿವಿ ಬಿಸಿಯಾಯಿತು. "ಏನೂ ಆಗಿಲ್ಲ, ನೀವು ಹೇಳಿ" ಎಂದೆ. ಅವರು ಇಪ್ಪತ್ತು ನಿಮಿಷ ಕಿಟಕಿಯ ಕಡೆ ನೋಡುತ್ತ ಕೂತಿದ್ದು, ಕೊನೆಗೆ, "ನಮ್ಮಣ್ಣನ ಕುರ್ಚಿ ಅಂಗಡ್ಯಾಗ ಹಂಗ ಐತ್ರಿ. ಕೊಡವಿಲ್ಲ" ಎಂದರು. ಆರು ತಿಂಗಳಲ್ಲಿ ಅವರು ಆಡಿದ ಮಾತುಗಳಲ್ಲಿ ಅವರದೇ ಆದ ಮೊದಲ ಮಾತು ಅದು.

ಶನಿವಾರದವರೆಗೆ ಕಾಯಲಾಗದೆ ಮರುದಿನವೇ ಕುಸುಮಾಬಾಯಿಯ ಮನೆಗೆ ಹೋದೆ. ಇಪ್ಪತ್ತೆರಡು ವಾರ ನನ್ನ ಹೆದರಿಕೆಯ ಮೇಲೆ ಅವರನ್ನು ಕೂರಿಸಿ, ಅದನ್ನೇ ಅವರ ರೋಗ ಎಂದು ಬರೆದೆ ಎಂದು ಹೇಳಿದೆ. ಹೇಳುತ್ತ ಅತ್ತೆ. ಅವರು ಅಲ್ಲೇ ಇದ್ದರು.

"ನಿಮಗೆ ಗೊತ್ತಿತ್ತಾ ಮೇಡಂ?"

"ಎಂಟನೇ ವಾರದಿಂದ. ನೀನು ಎದ್ದು ಹೋದ ಮೇಲೆ ನಿನ್ನ ಕುರ್ಚೀಲಿ ನಾನು ಕೂರ್ತೀನಲ್ಲ, ನಿನ್ನ ಬೀಗ ನನಗೂ ಸಾಕಷ್ಟು ಕಾಟ ಕೊಟ್ಟಿದೆ. ರಾತ್ರಿ ಎದ್ದು ಗ್ಯಾಸ್ ನೋಡಿದ್ದೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅದನ್ನ ಡಾಕ್ಟರ ಚೀಟಿ ಥರ ಪಾಲಿಸ್ತಿದ್ದೆ. ಕೂರಬಾರದು ಅಂತ ಬರೆದಿಟ್ಟುಕೊಂಡು, ಕೂತೆನೋ ಇಲ್ಲವೋ ಅಂತ ಹತ್ತು ಸಲ ನೋಡ್ತಿದ್ದೆ." ಮಂಡಕ್ಕಿಯ ಪೊಟ್ಟಣವನ್ನು ಪಕ್ಕಕ್ಕಿಟ್ಟರು. "ಆದ್ರೂ ಇಷ್ಟು ದಿನ ಕಾಯಬಾರದಿತ್ತು. ನೀನೇ ಕಂಡುಕೊಳ್ತೀಯ ಅನ್ನೋ ಆಸೆ. ಅದು ನನ್ನ ಹೆಮ್ಮೆಯ ವಿಷಯ, ನಿನ್ನದಲ್ಲ. ನನ್ನ ತಪ್ಪು ಅಂತ ಬರೆದಿಟ್ಟಿದ್ದೀನಿ, ನನ್ನ ಮೇಲಿನವರಿಗೆ ಓದಿ ಹೇಳಿದ್ದೀನಿ."

ಎಪ್ಪತ್ತರ ಆ ಹೆಂಗಸಿಗೂ ವಾರಕ್ಕೊಮ್ಮೆ ಓದಿ ಹೇಳಲು ಒಬ್ಬರಿದ್ದಾರೆ ಎಂದು ಅವತ್ತೇ ನನಗೆ ತಿಳಿದದ್ದು. ಹಾಗೆ ತಪ್ಪನ್ನು ಬಟ್ಟೆ ಮಡಿಸಿದಷ್ಟು ಸಲೀಸಾಗಿ ಎದುರಿಗಿಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಈಗ ಏನು ಮಾಡಲಿ?"

"ನಿನ್ನದನ್ನ ನೀನು ವಾಪಸ್ ಕೇಳು."

"ಅವರು ಬಿಟ್ಟುಹೋದ್ರೆ?"

"ಹೋಗಬಹುದು. ನಿನ್ನ ಎರಡು ವರ್ಷವೂ ಹೋಗಬಹುದು. ಅದಕ್ಕೋಸ್ಕರ ಅವನು ಇನ್ನೂ ಹದಿನೇಳು ವಾರ ನಿನ್ನ ಬೀಗ ಎಳೀತಾ ಕೂರಬೇಕಾ?"

ಮುಂದಿನ ಗುರುವಾರ ಆರಕ್ಕೆ ಸರಿಯಾಗಿ ಹೋದೆ. ಐದೂವರೆಯಿಂದ ಬೀದಿಯ ಆ ತುದಿಯಲ್ಲಿ ಒಂದು ಗೂಡಂಗಡಿಯ ಕಂಬವನ್ನು ಹಿಡಿದುಕೊಂಡು ನಿಂತಿದ್ದೆ, ಕಾಲು ಆ ಕಡೆ ಓಡದ ಹಾಗೆ. ಗೂಳಪ್ಪ ಕೂತ ಮೇಲೆ ಎಲ್ಲವನ್ನೂ ಹೇಳಿದೆ. ಪದಗಳನ್ನು ವಾರವಿಡೀ ಆರಿಸಿಟ್ಟುಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. "ಆ ಹೆದರಿಕೆ ನನ್ನದಾಗಿತ್ತು" ಎಂದಷ್ಟೇ ಹೇಳಲು ಬಂತು.

"ಗೊತ್ತಲ್ರಿ" ಎಂದರು ಗೂಳಪ್ಪ.

"ಗೊತ್ತಿತ್ತಾ?"

"ಮೂವತ್ತು ವರ್ಷ ಬೆತ್ತದಾಗ ಕೈ ಇಟ್ಟಾಂವ ರೀ ನಾ. ಮೊದಲನೇ ವಾರ ಹಿಂದ ನಿಂತು ಕೈ ಇಟ್ಟೆ ನೋಡ್ರಿ, ಆವಾಗನ ಗೊತ್ತಾತು. ಇಷ್ಟ ಹೆದರಿಕಿ ಇಟಗೊಂಡು ಈ ಅಕ್ಕೋರು ನನ್ನ ಮಾತ ಕೇಳಾಕ ಕುಂತಾರಲ್ಲ, ಪಾಪ ಅಂತ ಎರಡನೇ ವಾರ ಕುಂತೆ. ಇದ ಚಿಕಿತ್ಸೆ ಇರಬೇಕು, ಮೊದಲ ನೀವು ಇಡತೀರಿ, ಆಮ್ಯಾಲ ನಾವು ಅಂತ ತಿಳದಿದ್ದೆ." ದನಿ ತಗ್ಗಿಸಿ ಕೇಳಿದರು: "ಯಾರಿಗೆ ತಪ್ಪ ಗುಳಿಗಿ ಕೊಟ್ಟಿದ್ರಿ?"

"ಯಾರಿಗೂ ಇಲ್ಲ. ಕೊಟ್ಟಿದ್ದೀನೇನೋ ಅನ್ನೋ ಭಯ."

"ಅಷ್ಟ ಏನ್ರಿ?" ನಗು ಬಂದ ಹಾಗಾಗಿ ನಿಂತಿತು. ಆಗ, ಕುರ್ಚಿಯಲ್ಲಿ ನನಗೆ ತಾಗುತ್ತಿದ್ದ ಆ ಬೆಚ್ಚನೆಯದು ಏನೆಂದು ನನಗೆ ಅರ್ಥವಾಯಿತು. ವಾರ ವಾರವೂ ಈ ಮನುಷ್ಯ ಊದಿದ ಕಾಲಿನಲ್ಲಿ ನಡೆದು ಬಂದು, ನಾನು ಬೀಳದ ಹಾಗೆ ಹಿಡಿದು, ಹೋಗುತ್ತಿದ್ದ. "ಇಷ್ಟು ದಿನ ನೀವು ನನ್ನನ್ನು ನೋಡಿಕೊಂಡಿರಿ" ಎಂದೆ. "ನಿಮ್ಮದನ್ನು ಇಡೋದಕ್ಕೆ ಈ ಕುರ್ಚಿಯಲ್ಲಿ ಜಾಗವೇ ಇರಲಿಲ್ಲ."

ಗೂಳಪ್ಪನ ಮುಖ ಬದಲಾಯಿತು. ಆಮೇಲೆ ದನಿ ಎಲ್ಲಿಂದಲೋ ಬಂತು. "ನನ್ನ ಜಾಗಾ ಯಾವತ್ತ ಇತ್ರಿ? ಹೇಳ್ರಿ. ಊರ ಮಂದೀದೆಲ್ಲ ನನ್ನ ಕೈಯಾಗ ಬರತಿತ್ತು. ಅಣ್ಣಂದು ಬರತಿತ್ತು. ಇಲ್ಲಿ ಬಂದ್ರ ನಿಮ್ಮದು!" ಅಂಗಡಿಗೆ ಪ್ಲಾಸ್ಟಿಕ್ ವಾಯರ್ ತರೋಣ, ಜನ ಈಗ ಅದನ್ನೇ ಕೇಳುತ್ತಾರೆ ಎಂದು ಅವರು, ಬೆತ್ತ ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದು ಅಣ್ಣ ಸಿದ್ರಾಮಣ್ಣ. ಒಂದು ಮಧ್ಯಾಹ್ನ ಅದೇ ಜಗಳ. "ನಿನ್ನ ಬೆತ್ತದ ಜೋಡಿ ನೀನೂ ಮುರದು ಹೋಗು ಅಂದೆ. ಅಂವ ಏನೂ ಅನ್ನಲಿಲ್ಲ. ಕುರ್ಚಿಯಿಂದ ಎದ್ದ. ಕೊಡವಲಿಲ್ಲ. ಯಾವತ್ತೂ ಕೊಡವದ ಎದ್ದಾಂವಲ್ಲ. ಎರಡ ಹೆಜ್ಜಿ ಇಟ್ಟ, ಬಿದ್ದ, ಮತ್ತ ಏಳಲಿಲ್ಲ. ಆ ಸಿಟ್ಟು ಅದರಾಗ ಹಂಗ ಐತಿ. ನಾಕು ವರ್ಷ ಅದು ನನ್ನ ನೋಡತೈತಿ. ಕತ್ತರಿಸಿ ಹೊಸದು ಹೆಣಿಯಾಕ ಕೈ ಬರವಲ್ದು, ಮುಟ್ಟಾಕ, ಕುಂದ್ರಾಕ ಧೈರ್ಯ ಬರವಲ್ದು." ಎದ್ದು ನಿಂತರು. ಹೆಗಲ ಮೇಲಿನ ಬಟ್ಟೆ ತೆಗೆದು, ನಿಯಮ ಗೊತ್ತಿದ್ದೂ, ಕುರ್ಚಿಗೆ ಮೂರು ಸಲ ಬಡಿದರು. ಗೋಡೆಯ ಮೇಲಿನ ಹಲ್ಲಿನ ಚಿತ್ರ ಅಲುಗಾಡಿತು. ಹೊರಟುಹೋದರು.

ಮುಂದಿನ ವಾರ ಬರಲಿಲ್ಲ. ನಾನು ಐವತ್ತು ನಿಮಿಷ ಕೂತೆ. ಖಾಲಿ ಕುರ್ಚಿಯ ಎದುರು ಐವತ್ತು ನಿಮಿಷ ಎಷ್ಟು ಉದ್ದ ಎಂದು ಕೂತವರಿಗೇ ಗೊತ್ತು. ಅದರ ನಂತರದ ವಾರವೂ ಬರಲಿಲ್ಲ. "ಅಡ್ರೆಸ್ಸು ಕೊಡಿ ಮೇಡಂ, ಜೀಪಿನಲ್ಲಿ ಕರ್ಕೊಂಡು ಬರ್ತೀನಿ" ಎಂದರು ದ್ಯಾಮಣ್ಣ. ನನ್ನನ್ನು ನಗಿಸಲು ಆಡಿದ ಮಾತು. ಆದರೂ ಒಂದು ಕ್ಷಣ ನಾನು ಅವರನ್ನು ಆಸೆಯಿಂದ ನೋಡಿದೆ. ಎರಡು ವಾರವೂ ಆ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಬೇಕು, ಏನಾದರೂ ಉಳಿಸಿಹೋಗಿದ್ದಾರೆಯೇ ಎಂದು ತಿಳಿಯಬೇಕು ಅನ್ನಿಸುತ್ತಿತ್ತು. ಕೂರಲಿಲ್ಲ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ನನ್ನ ಜಾಗದಲ್ಲೇ ಕೂತಿದ್ದೆ.

ಮೂರನೆಯ ಗುರುವಾರ ಆರು ಗಂಟೆಯಾಯಿತು. ಆರೂ ಹತ್ತು. ನನ್ನ ತರಬೇತಿ ಇನ್ನು ನಲವತ್ತು ನಿಮಿಷ ಎಂದುಕೊಂಡೆ. ಆರೂ ಇಪ್ಪತ್ತಕ್ಕೆ ಮೆಟ್ಟಿಲ ಮೇಲೆ ಗೋಡೆಗೆ ಮರ ತಾಗಿದ ಸದ್ದು. ಬಾಗಿಲಲ್ಲಿ ಮೊದಲು ಕಂಡದ್ದು ನಾಲ್ಕು ಕಾಲು, ಮೇಲಕ್ಕೆ ಮುಖ ಮಾಡಿದ್ದವು. ಅದರ ಕೆಳಗೆ ಬೆವರಿಳಿಯುವ ಗೂಳಪ್ಪ. ಅಣ್ಣನ ಕುರ್ಚಿಯನ್ನು, ಬೆತ್ತ ಮೈಗೆ ತಾಗದ ಹಾಗೆ ಚಾಪೆ ಸುತ್ತಿ, ತಲೆಯ ಮೇಲೆ ಹೊತ್ತು, ಆ ಕಾಲಿನಲ್ಲಿ, ಊರ ಆ ಕಡೆಯಿಂದ ನಡೆದು ಬಂದಿದ್ದರು.

"ತಡ ಆತ್ರಿ" ಎಂದರು. "ದಾರ್ಯಾಗ ಎಲ್ಲೂ ಇಳಸಾಂಗಿರಲಿಲ್ಲ. ಯಾರಾರ ಕುಂತಬಿಟ್ರ!"

ನಮ್ಮ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಚಾಪೆ ಬಿಚ್ಚಿ ಅದನ್ನು ನನ್ನೆದುರು ಇಟ್ಟರು. ಹಳೆಯ ಹೆಣಿಗೆ, ಜೇನಿನ ಬಣ್ಣ, ಕೈಯಿಡುವ ಜಾಗದಲ್ಲಿ ಹೊಳಪು. ಅದರ ಮುಂದೆ ನಿಂತುಕೊಂಡರು.

"ಅಂಗಡ್ಯಾಗ ಒಬ್ಬನ ಕುಂದ್ರಾಕ ಆಗಲಿಲ್ಲ. ನೀವು ಎದರಿಗೆ ಇದ್ರ ಕುಂದರತೀನಿ. ಇವತ್ತ ನೀವು ನನ್ನ ನೋಡಕೋಬೇಕು. ನಾ ನಿಮ್ಮನ್ನ ನೋಡಕೊಳ್ಳಾಂಗಿಲ್ಲ. ಆಗತೈತ?"

"ಆಗತ್ತೆ" ಎಂದೆ. ಆಗತ್ತೋ ಇಲ್ಲವೋ ಎಂದು ಮನಸ್ಸು ಇನ್ನೊಮ್ಮೆ ನೋಡಹೊರಟಿತು. ಅದನ್ನು ಅಲ್ಲೇ ಬಿಟ್ಟು ಅವರನ್ನು ನೋಡಿದೆ.

ಗೂಳಪ್ಪ ಕೂತರು. ಕಣ್ಣು ಬಿಗಿಯಾಗಿ ಮುಚ್ಚಿದ್ದರು, ಹೊಡೆತ ಬೀಳುತ್ತದೆ ಎಂದು ಗೊತ್ತಿದ್ದವರ ಹಾಗೆ ಹೆಗಲು ಮೇಲೆತ್ತಿದ್ದರು. ಒಂದು ನಿಮಿಷ. ಎರಡು. ಹಣೆಯ ಗಂಟು ಸಡಿಲಾಗಿ, ಅಲ್ಲೊಂದು ಗೊಂದಲ ಮೂಡಿತು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅಲ್ಲಿ ಏನನ್ನೋ ಹುಡುಕಿದ ಹಾಗೆ ಒತ್ತಿ ನೋಡಿಕೊಂಡರು. ಕಣ್ಣು ತೆರೆದು ನನ್ನನ್ನು ನೋಡಿದರು.

"ಹಸಿವು" ಎಂದರು.



"ಹಸಿವು ರೀ ಅಕ್ಕೋರೆ. ಸಿಟ್ಟಿಲ್ಲ, ಏನಿಲ್ಲ. ಬರೇ ಹಸಿವು. ಮಧ್ಯಾಹ್ನ ಆಗಿತ್ತಲ್ಲ, ಅಂವ ಊಟಕ್ಕ ಎದ್ದಾನ್ರಿ. ನನ್ನ ಮಾತ ಕಿವಿಗೂ ಹಾಕ್ಕೊಂಡಿಲ್ಲ, ನನ್ನ ಮಗ! ರೊಟ್ಟಿ ನೆನಸಗೋತ ಎದ್ದಾನ!" ನಗುತ್ತ ಶುರುವಾದದ್ದು ಅಲ್ಲಿಂದ ಅಳುವಾಯಿತು. ನಾಲ್ಕು ವರ್ಷದ್ದು. ಕುರ್ಚಿಯ ಎರಡೂ ಕೈಗಳನ್ನು ಹಿಡಿದು, ಬಾಯಿ ತೆರೆದು, ಸಣ್ಣ ಮಕ್ಕಳ ಹಾಗೆ ಅತ್ತರು. ನಾನು ಕೈ ಹಿಡಿಯಲಿಲ್ಲ, ಗಡಿಯಾರವನ್ನು ನೋಡಲಿಲ್ಲ. ಅಲ್ಲೇ ಇದ್ದೆ.

ಆರೂ ಐವತ್ತಕ್ಕೆ ಹೊತ್ತಾಯಿತು ಎಂದೆ. ಅವರು ಮೂಗು ಒರೆಸಿಕೊಂಡು ಎದ್ದರು. ಕೈ ಹೆಗಲ ಮೇಲಿನ ಬಟ್ಟೆಗೆ ಹೋಯಿತು, ಹೋಗಿ ಸುಮ್ಮನಾಯಿತು.

"ಇದು ಮುಂದಿನ ವಾರದ ತನಕ ಇಲ್ಲೇ ಇರಲಿ. ನೀವು ಕುಂತು ಬರೀಬೇಕಲ್ಲ?" ಬಾಗಿಲಲ್ಲಿ ತಿರುಗಿ, ಹಳೆಯ ಗೂಳಪ್ಪನಾಗಿ ಒಂದು ಮಾತು ಸೇರಿಸಿದರು: "ಬಾಗಲಾ ಒಂದ ಸಲ ನೋಡಿದ್ರ ಸಾಕ್ರಿ."

ಅವರ ಹೆಜ್ಜೆಯ ಸದ್ದು ಮೆಟ್ಟಿಲಿಳಿದ ಮೇಲೆ ಸಿದ್ರಾಮಣ್ಣನ ಕುರ್ಚಿಯಲ್ಲಿ ಹತ್ತು ನಿಮಿಷ ಕೂತೆ. ನೋಟ್‌ಬುಕ್ಕಿನಲ್ಲಿ ಬರೆದದ್ದು ಒಂದೂವರೆ ಸಾಲು. ಹಲ್ಲಿನ ರೋಗಿಗಳು ಕೂರದ ಹಾಗೆ ಕುರ್ಚಿಗೆ ಮತ್ತೆ ಚಾಪೆ ಸುತ್ತಿ, ಕೋಣೆಗೆ ಬೀಗ ಹಾಕಿ, ಬೀದಿ ದಾಟಿ, ಎದುರಿನ ಹೋಟೆಲಿನ ಕಲ್ಲುಬೆಂಚಿನ ಮೇಲೆ ಕೂತು ಎರಡು ತಟ್ಟೆ ಇಡ್ಲಿ ತಿಂದೆ, ಸಾಲದೆ ಒಂದು ದೋಸೆ. ಬೆಳಗಿನಿಂದ ನಾನು ಊಟ ಮಾಡಿರಲಿಲ್ಲ. ಸಿದ್ರಾಮಣ್ಣ ನಾಲ್ಕು ವರ್ಷದಿಂದ ಮಾಡಿರಲಿಲ್ಲ. ಯಾರ ಹಸಿವು ಎಂದು ಪರೀಕ್ಷಿಸಲು ಹೋಗಲಿಲ್ಲ.